ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮನೆಯಲ್ಲಿ ಒಂದೇ ಮಗು ಇದ್ದರೆ ಶಾಂತಿ ಇರುತ್ತದೆ, ಎರಡಿದ್ದರೆ ನ್ಯಾಯ ಇರುತ್ತದೆ. ಎರಡೂ ಒಟ್ಟಿಗೆ ಬೇಕು ಅನ್ನುವವರು ಬೆಕ್ಕು ಸಾಕಿಕೊಳ್ಳುವುದು ಮೇಲು.

ನಂಬದವರು ಏಪ್ರಿಲ್ ತಿಂಗಳಲ್ಲಿ ಮೈಸೂರಿನ ನಮ್ಮ ಮನೆಗೆ ಬರಬಹುದು. ತಿಂಡಿ ಸಮೇತ ವ್ಯವಸ್ಥೆ ಇದೆ. ತಂಗಿಯ ಮಕ್ಕಳಿಬ್ಬರು, ಮೈದುನನ ಮಕ್ಕಳಿಬ್ಬರು, ಜೊತೆಗೆ ಆಟದ ನೆಪದಲ್ಲಿ ಊಟದ ಹೊತ್ತಿಗೆ ಸರಿಯಾಗಿ ಗೇಟು ತೆಗೆಯುವ ಪಕ್ಕದ ಮನೆಯ ಪುಣ್ಯಾತ್ಮ ಒಬ್ಬ. ಐದರಿಂದ ಹನ್ನೆರಡರವರೆಗೆ ಎಲ್ಲ ಸೈಜಿನಲ್ಲೂ ಲಭ್ಯ. ಮೊದಲ ದೋಸೆ ಕಾವಲಿಯಿಂದ ಏಳುವುದರೊಳಗೆ ಮೊದಲ ದಾವೆ ದಾಖಲಾಗಿರುತ್ತದೆ. “ದೊಡ್ಡಮ್ಮಾ, ಅವನದ್ದು ಗರಿಗರಿ, ನಂದು ಮೆತ್ತಗೆ.” “ದೊಡ್ಡಮ್ಮಾ, ಅವಳಿಗೆ ಎರಡು ಸಲ ಬೆಣ್ಣೆ.” ಕೊನೆಗೆ ನಾನು ಸೌಟು ಎತ್ತಿ ತೀರ್ಪು ಕೊಡುತ್ತೇನೆ: “ಇನ್ನೊಂದು ಮಾತು ಬಂದರೆ ಯಾರಿಗೂ ಇಲ್ಲ.” ತಕ್ಷಣ ಎಲ್ಲರೂ ಗಪ್‌ಚಿಪ್. ಹೆದರಿ ಅಂದುಕೊಂಡಿರಾ? ಅಲ್ಲ, ತೃಪ್ತಿಯಿಂದ. ನನಗೆ ಕಡಿಮೆ ಬರುವುದಾದರೆ ಯಾರಿಗೂ ಬರದಿರಲಿ ಅನ್ನುವುದು ಅವರ ಸಂವಿಧಾನದ ಮೊದಲನೇ ವಿಧಿ.

ಈ ವಿಧಿ ನಮ್ಮ ಮನೆತನದ್ದು ಮಾತ್ರ ಅಲ್ಲ ಅಂತ ಗೊತ್ತಾದ ಮೇಲೆ ನನಗೆ ತಕ್ಕಮಟ್ಟಿಗೆ ನೆಮ್ಮದಿ. 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕೆನಡಾ, ಭಾರತ, ಮೆಕ್ಸಿಕೊ, ಪೆರು, ಸೆನೆಗಲ್, ಉಗಾಂಡ, ಅಮೆರಿಕ, ಹೀಗೆ 7 ದೇಶಗಳಲ್ಲಿ 4ರಿಂದ 15 ವರ್ಷದ ಮಕ್ಕಳನ್ನು ಜೋಡಿ ಜೋಡಿಯಾಗಿ ಎದುರುಬದುರು ಕೂರಿಸಿ ನಡುವೆ ಒಂದು ಪೆಟ್ಟಿಗೆ ಇಟ್ಟರು. ಒಬ್ಬರ ಮುಂದೆ ಒಂದು ಮಿಠಾಯಿ, ಇನ್ನೊಬ್ಬರ ಮುಂದೆ ನಾಲ್ಕು. ಹಸಿರು ಹಿಡಿ ಎಳೆದರೆ ಅವರವರ ಪಾಲು ಅವರವರಿಗೆ. ಕೆಂಪು ಹಿಡಿ ಎಳೆದರೆ ಎಲ್ಲವೂ ನಡುವಿನ ಬೋಗುಣಿಗೆ, ಇಬ್ಬರಿಗೂ ಸೊನ್ನೆ. ಹಿಡಿ ಇರುವುದು ಒಬ್ಬರ ಕೈಯಲ್ಲಿ ಮಾತ್ರ. ತನಗೆ ಒಂದು, ಎದುರಿನವನಿಗೆ ನಾಲ್ಕು ಬಂದಾಗ ಏಳೂ ದೇಶಗಳ ಮಕ್ಕಳು, ಕೆಲವು ಕಡೆ ಬೇಗ, ಕೆಲವು ಕಡೆ ತಡವಾಗಿ, ಕೆಂಪು ಹಿಡಿಗೆ ಕೈ ಹಾಕಿದರು. ಬಂದ ಒಂದೂ ಹೋಗಲಿ, ಅವನಿಗೆ ನಾಲ್ಕು ಮಾತ್ರ ಸಿಗಕೂಡದು! ಆದರೆ ತನಗೇ ನಾಲ್ಕು ಬಂದು ಎದುರಿನವನಿಗೆ ಒಂದು ಬಂದಾಗ “ಇದು ಸರಿಯಲ್ಲ, ಬೇಡ” ಅಂತ ದೊಡ್ಡ ಮಕ್ಕಳಾದರೂ ಕೆಂಪು ಎಳೆದದ್ದು ಮೂರೇ ದೇಶಗಳಲ್ಲಿ: ಅಮೆರಿಕ, ಕೆನಡಾ, ಉಗಾಂಡ.

ನಮ್ಮ ದೇಶ ಆ ಮೂರರಲ್ಲಿ ಇಲ್ಲವಲ್ಲ ಅಂತ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ನಮ್ಮಲ್ಲಿ ಎಲೆಯ ಮೇಲೆ ಬಿದ್ದದ್ದನ್ನು ಬೇಡ ಅನ್ನುವುದು ಬಡಿಸಿದವರಿಗೆ ಅವಮಾನ. ನಾಲ್ಕು ಲಾಡು ಬಿದ್ದರೆ ನಾಲ್ಕನ್ನೂ ತಿಂದು, ಬಾಯಿ ಒರೆಸಿಕೊಂಡು, “ಪಾಪ, ಅವನಿಗೆ ಒಂದೇ ಬಂತು” ಅಂತ ಮರುಗುವುದು ನಮ್ಮ ಕ್ರಮ. ಇನ್ನು ಅಮೆರಿಕದ ಮಕ್ಕಳ ನ್ಯಾಯನಿಷ್ಠೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಿ. ಅಲ್ಲಿ 6ರಿಂದ 8 ವರ್ಷದ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಕೋಣೆ ಚೊಕ್ಕಟ ಮಾಡಿದ ಇಬ್ಬರು ಹುಡುಗರಿಗೆ ಐದು ರಬ್ಬರು ಹಂಚಬೇಕು. ಎರಡು ಅವನಿಗೆ, ಎರಡು ಇವನಿಗೆ. ಉಳಿದ ಒಂದು? ಒಬ್ಬನಿಗೆ ಕೊಡೋಣವಾ, ಕಸದ ಬುಟ್ಟಿಗೆ ಹಾಕೋಣವಾ ಅಂತ ಕೇಳಿದರೆ ಬಹುಪಾಲು ಮಕ್ಕಳು ಹಾಕಿದ್ದು ಕಸದ ಬುಟ್ಟಿಗೆ. ನ್ಯಾಯ ಗೆದ್ದಿತು, ರಬ್ಬರು ಸತ್ತಿತು. ಅಣ್ಣತಮ್ಮಂದಿರು ಗುಂಟೆ ಜಾಗಕ್ಕಾಗಿ ಎಕರೆಗಟ್ಟಲೆ ವಕೀಲರಿಗೆ ಸುರಿಯುವುದನ್ನು ಕಂಡ ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ ಬಿಡಿ.

ಇಂಥ ತಗಾದೆಗಳಿಗೆ ತಲೆ ಚಚ್ಚಿಕೊಳ್ಳುವ ಬದಲು ಕೂತು ಕೇಳಿಸಿಕೊಂಡು, ಅದನ್ನೇ ದೊಡ್ಡ ವಿದ್ಯೆ ಮಾಡಿದವರು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ. ಮಗುವಿನ ಮನಸ್ಸಿನಲ್ಲಿ ನೀತಿ ಹೇಗೆ ಮೂಡುತ್ತದೆ ಎಂದು ತಿಳಿಯಲು ಹೊರಟ ಈ ಮಹಾನುಭಾವರು ಚರ್ಚಿಗೂ ಹೋಗಲಿಲ್ಲ, ಶಾಲೆಯ ನೀತಿಬೋಧೆ ಪಿರಿಯಡ್ಡಿಗೂ ಹೋಗಲಿಲ್ಲ. ಜಿನೀವಾ, ನ್ಯೂಷಾಟೆಲ್ ಊರುಗಳ ಮಕ್ಕಳ ಹತ್ತಿರ ಹೋಗಿ, “ಗೋಲಿ ಆಟ ನನಗೆ ಮರೆತೇಹೋಗಿದೆ, ಸ್ವಲ್ಪ ಹೇಳಿಕೊಡಿ” ಅಂದರು. 1932ರಲ್ಲಿ ಬಂದ ಅವರ ಪುಸ್ತಕದ ಮೊದಲ ಅಧ್ಯಾಯದ ತುಂಬ ಗೋಲಿಯೇ ಗೋಲಿ. ನಮ್ಮಪ್ಪ ಇದನ್ನು ಓದಿದ್ದರೆ ಅಣ್ಣನ ಜೇಬಿನಿಂದ ಗೋಲಿ ಕಿತ್ತು ಬಾವಿಗೆ ಎಸೆಯುವ ಮೊದಲು ಒಂದು ಕ್ಷಣ ಯೋಚಿಸುತ್ತಿದ್ದರೇನೋ.

ಪಿಯಾಜೆ ಕಂಡುಕೊಂಡದ್ದು ತಮಾಷೆಯಾಗಿದೆ. ಐದು ವರ್ಷದವರನ್ನು “ಈ ನಿಯಮ ಯಾರು ಮಾಡಿದ್ದು?” ಅಂತ ಕೇಳಿದರೆ ಅಪ್ಪ ಅಂದರು, ದೇವರು ಅಂದರು, ಊರಿನ ಪಂಚಾಯ್ತಿಯ ದೊಡ್ಡ ಮನುಷ್ಯರು ಅಂದರು. ಒಂದು ಮಗುವಂತೂ ಗೋಲಿ ಆಟ ಕಂಡುಹಿಡಿದದ್ದು ನಮ್ಮಪ್ಪನೇ, ಅವನು ನಮ್ಮ ತಾತನಿಗಿಂತ ಮೊದಲೇ ಹುಟ್ಟಿದವನು ಅಂತ ಸಾಕ್ಷಿ ನುಡಿಯಿತು. ನಿಯಮ ಬದಲಾಯಿಸಬಹುದೇ? ಛೇ ಛೇ, ಅದು ಮೋಸ! ಹೀಗೆ ಹೇಳಿದ ಅದೇ ಪುಟಾಣಿಗಳು ಆಡಲು ಕೂತರೆ ನಿಯಮದ ಗಂಧವೇ ಇಲ್ಲ. ಒಬ್ಬೊಬ್ಬರದು ಒಂದೊಂದು ಆಟ, ಕೊನೆಗೆ ಎಲ್ಲರೂ ಗೆದ್ದರು. ಹನ್ನೆರಡರ ಹತ್ತಿರ ಬಂದವರದು ಇದಕ್ಕೆ ತಿರುಗುಮುರುಗು. ನಿಯಮ ನಾವೇ ಮಾಡಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು ಅನ್ನುತ್ತಾರೆ. ಆಡುವಾಗ ಮಾತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಹಿಮದ ಉಂಡೆ ಎಸೆದಾಡಲು ಬಂದ ಹತ್ತು ಹನ್ನೊಂದು ವರ್ಷದ ಹುಡುಗರು ಮೊದಲ ಕಾಲು ಗಂಟೆ ಅಧ್ಯಕ್ಷರ ಚುನಾವಣೆ, ಮತದಾನದ ವಿಧಾನ, ತಪ್ಪಿದರೆ ಶಿಕ್ಷೆ ಏನು ಅಂತ ಚರ್ಚೆಯಲ್ಲೇ ಕಳೆದದ್ದನ್ನೂ ಪಿಯಾಜೆ ಬರೆದಿಟ್ಟಿದ್ದಾರೆ. ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಸಭೆಯೂ ಹೀಗೇ ನಡೆಯುತ್ತದೆ, ಉಂಡೆ ಎಸೆಯುವ ಹಂತ ಮಾತ್ರ ಸ್ವಲ್ಪ ಬೇಗ ಬರುತ್ತದೆ.

ನಮ್ಮ ಕಾಂಪೌಂಡಿನ ಕ್ರಿಕೆಟ್ಟು ಪಿಯಾಜೆಯವರ ಕಣ್ಣಿಗೆ ಬಿದ್ದಿದ್ದರೆ ಇನ್ನೊಂದು ಸಂಪುಟ ಗ್ಯಾರಂಟಿ ಬರುತ್ತಿತ್ತು. ಚೆಂಡು ಪಾರಿಜಾತದ ಗಿಡಕ್ಕೆ ತಾಗಿದರೆ ಎರಡು ರನ್ನು. ನೇರವಾಗಿ ಕಾಂಪೌಂಡ್ ದಾಟಿದರೆ ಸಿಕ್ಸರ್ ಅಲ್ಲ, ಔಟು. ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಅದೂ ಔಟು. ಚರಂಡಿಗೆ ಬಿದ್ದರೆ ಹೊಡೆದವನೇ ತೆಗೆದು ತೊಳೆಯಬೇಕು. ಐದು ವರ್ಷದ ಪುಟ್ಟಿಗೆ ಎಷ್ಟು ಸಲ ಬೌಲ್ಡ್ ಆದರೂ ಬ್ಯಾಟಿಂಗು. ಅವಳು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ಒಂದು ಏರ್ಪಾಟಿಗೆ ನಾನು ಯಾವಾಗಲೂ ಕೈ ಮುಗಿಯುತ್ತೇನೆ. ಚಿಕ್ಕವಳನ್ನು ಅಳಿಸಬಾರದು, ಆಟವೂ ಕೆಡಬಾರದು. ಎರಡೂ ಸಾಧಿಸುವ ಇಂಥ ಕಲಮನ್ನು ಹೊಳೆಸಿದ್ದು ಯಾವ ಅಪ್ಪ ಅಮ್ಮನೂ ಅಲ್ಲ.

ಒಂದು ಸಂಜೆ ಬ್ಯಾಟಿನ ಮಾಲೀಕ, ಅಂದರೆ ಪಕ್ಕದ ಮನೆಯ ಪುಣ್ಯಾತ್ಮ, ಮೊದಲ ಚೆಂಡಿಗೇ ಔಟಾದ. “ಟ್ರಯಲ್ ಬಾಲ್ ಅಂದ್ಕೊಂಡಿದ್ದೆ” ಅಂದ. ಎಂಟು ವರ್ಷದವನು ಕೆಂಡವಾದ: “ಯಾರು ಹೇಳಿದ್ರು ಟ್ರಯಲ್ ಅಂತ? ದೇವ್ರಾಣೆ ಹೇಳು!” ಮಾಲೀಕ ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನೋಡಿದ. ಅದು ವೀಟೊ. ಆಗ ಹನ್ನೆರಡರವಳು ನಡುವೆ ಬಂದಳು. “ಸರಿ, ಇವತ್ತಿಗೆ ಇದು ಟ್ರಯಲ್. ಆದ್ರೆ ಎಲ್ಲರಿಗೂ ಒಂದೊಂದು ಟ್ರಯಲ್, ಇಬ್ಬರು ಔಟಾಗಿದ್ದಾರಲ್ಲ, ಅವರೂ ಮತ್ತೆ ಆಡ್ತಾರೆ. ನಾಳೆಯಿಂದ ಚೆಂಡು ಹಾಕೋಕೆ ಮುಂಚೆ ಟ್ರಯಲ್ ಅಂತ ಕೂಗದಿದ್ರೆ ಔಟೇ. ಒಪ್ಪಿಗೆನಾ?” ಮಾಲೀಕ ಯೋಚಿಸಿದ. ಎಂಟರವನು ಗೊಣಗಿದ. ಇನ್ನೇನು ಒಪ್ಪಂದಕ್ಕೆ ಬರಬೇಕು, ಅಷ್ಟರಲ್ಲಿ ವರಾಂಡದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮೈದುನ ತಲೆ ಎತ್ತಿ, “ಏಯ್, ಔಟ್ ಅಂದ್ರೆ ಔಟ್! ಸ್ಪೋರ್ಟ್ಸ್‌ಮನ್ ಸ್ಪಿರಿಟ್ ಇರಬೇಕು. ಇಬ್ಬರೂ ಶೇಕ್‌ಹ್ಯಾಂಡ್ ಮಾಡಿ” ಅಂದ. ಇಬ್ಬರೂ ಶೇಕ್‌ಹ್ಯಾಂಡ್ ಮಾಡಿದರು. ಮಾಲೀಕ ಬ್ಯಾಟ್ ಸಮೇತ ಮನೆಗೆ ಹೋದ. ಎಂಟರವನು ಅವನ ಜೊತೆ ಠೂ ಬಿಟ್ಟ. ಮೈದುನ ಮತ್ತೆ ಪೇಪರಿಗೆ ಮುಖ ಹಾಕಿ, “ಈಗಿನ ಮಕ್ಕಳಿಗೆ ಹೊಂದಿಕೊಂಡು ಹೋಗೋದು ಗೊತ್ತಿಲ್ಲ” ಅಂದ.

ಪಿಯಾಜೆ ಹೇಳಿದ ಮುಖ್ಯ ಮಾತು ಇದೇ, ಅದನ್ನು ನಾವು ಮಾತ್ರ ಜಾಣತನದಿಂದ ಮರೆಯುತ್ತೇವೆ. ದೊಡ್ಡವರು ಹೇಳಿದ್ದಕ್ಕೆ ತಲೆ ಆಡಿಸುವ ಮಗುವಿಗೆ ಬರುವುದು ವಿಧೇಯತೆ. ನ್ಯಾಯ ಅನ್ನುವುದು ಹುಟ್ಟುವುದು ಸರೀಕರ ನಡುವೆ, ಬ್ಯಾಟು ಅವನದು ಚೆಂಡು ನಂದು ಅನ್ನುವ ಸಂಕಟದಲ್ಲಿ. ನಾವು ಓಡಿಹೋಗಿ ಜಗಳ ಬಿಡಿಸಿ, ಪಾಠ ಕೆಡಿಸಿ, ಆಮೇಲೆ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ದುಡ್ಡು ಕಟ್ಟುತ್ತೇವೆ. ಈಗಂತೂ ಅಪಾರ್ಟ್‌ಮೆಂಟಿನ ಮಕ್ಕಳ ಆಟಕ್ಕೂ ಟ್ರ್ಯಾಕ್ ಪ್ಯಾಂಟು, ಸೀಟಿ ಸಮೇತ ಒಬ್ಬ ಕೋಚ್ ಇರುತ್ತಾರೆ. ಆರರಿಂದ ಏಳರವರೆಗೆ ಜಗಳವಿಲ್ಲದ ಆಟ. ಮಕ್ಕಳ ಹತ್ತಿರ ಜಗಳವಾಡುವ ಹಕ್ಕನ್ನು ಕಿತ್ತುಕೊಂಡರೆ ವಕೀಲರ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು ಹೇಳಿ!

ಪಿಯಾಜೆಯವರ ಲೋಟದ ಕಥೆ ಕಾಲೇಜಿನಲ್ಲಿ ಸೈಕಾಲಜಿ ಓದಿದವರಿಗೆಲ್ಲ ಗೊತ್ತು. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳಿಕೊಂಡು ಬಂದ. ಬಾಗಿಲ ಹಿಂದೆ ತಟ್ಟೆಯಲ್ಲಿ 15 ಪಿಂಗಾಣಿ ಕಪ್ಪು ಇದ್ದದ್ದು ಅವನಿಗೆ ಗೊತ್ತಿಲ್ಲ, ಹದಿನೈದೂ ಚೂರಾದವು. ಇನ್ನೊಬ್ಬ ಅಮ್ಮ ಇಲ್ಲದ ಹೊತ್ತು ನೋಡಿ, ಕುರ್ಚಿ ಹತ್ತಿ, ಕಪಾಟಿನ ಜಾಮಿಗೆ ಕೈ ಚಾಚಿದ. ಒಂದು ಕಪ್ಪು ಬಿದ್ದು ಒಡೆಯಿತು. ಯಾರು ಹೆಚ್ಚು ಕೆಟ್ಟವನು? ಪುಟ್ಟ ಮಕ್ಕಳ ಲೆಕ್ಕ ಸರಳ: ಹದಿನೈದು ಒಂದಕ್ಕಿಂತ ದೊಡ್ಡದು. ಬೆಳೆದ ಮಕ್ಕಳು ಮಾತ್ರ ಜಾಮಿನ ಕಳ್ಳನನ್ನು ಹಿಡಿಯುತ್ತಾರೆ, ಮನಸ್ಸಿನಲ್ಲಿ ಏನಿತ್ತು ಅಂತ ಕೇಳುತ್ತಾರೆ. ನಾನು ಇದನ್ನು ನಮ್ಮ ಪಡೆಯ ಮುಂದೆ ಇಟ್ಟಾಗ ಬಂದ ಮೊದಲ ಪ್ರಶ್ನೆಯೇ ಬೇರೆ. “ದೊಡ್ಡಮ್ಮಾ, ಅವರ ಮನೇಲಿ ಸ್ಟೀಲ್ ಲೋಟ ಇರ್ಲಿಲ್ವಾ?” ಮಗು ಕೇಳಿದ್ದು ನ್ಯಾಯವೇ. ನಮ್ಮ ಮನೆಯಲ್ಲಿ ಹದಿನೈದು ಲೋಟ ಬಿದ್ದರೆ ಏನಾಗುತ್ತದೆ? ಮಧ್ಯಾಹ್ನ ಮಲಗಿದ ಅಜ್ಜಿ ಎದ್ದು ಕೂರುತ್ತಾರೆ, ಅಷ್ಟೇ. ಅಂಚು ನಗ್ಗಿದ ಲೋಟಕ್ಕೆ ಉದ್ದೇಶ, ಪರಿಣಾಮ ಅಂತೆಲ್ಲ ತಲೆ ಕೆಡಿಸಿಕೊಳ್ಳುವವರು ಯಾರು? ಆದರೆ ಅದೇ ಅಜ್ಜಿಯ ಕಣ್ಣೆದುರು ಫ್ರಿಜ್ಜಿನ ಮೇಲಿನ ಕೊಬ್ಬರಿ ಮಿಠಾಯಿ ಡಬ್ಬಿಗೆ ಕೈ ಹೋಗಲಿ, ಏನೂ ಒಡೆಯದೆಯೇ ಶಿಕ್ಷೆಯಾಗುತ್ತದೆ. ಅಜ್ಜಿ ಪಿಯಾಜೆಯ ಮೇಲಿನ ತರಗತಿಗೆ ಓದದೆಯೇ ಪಾಸಾಗಿದ್ದಾರೆ.

ಅಮ್ಮಂದಿರ ವಿಷಯ ಹೇಳಲಾರೆ. ಹೊಸ ಡಿನ್ನರ್ ಸೆಟ್ಟು ಒಡೆದ ದಿನ “ಬೇಕೂಂತ ಮಾಡಿದ್ದಲ್ಲ” ಅನ್ನುವ ವಾದವನ್ನು ಪೂರ್ತಿ ಕೇಳಿಸಿಕೊಂಡ ತಾಯಿ ಯಾರಾದರೂ ಇದ್ದರೆ ನನಗೊಂದು ಕಾರ್ಡು ಹಾಕಿ.

ಸುಳ್ಳಿನ ವಿಚಾರದಲ್ಲೂ ಪುಟಾಣಿಗಳ ತಕ್ಕಡಿಯೇ ಬೇರೆ. ಬೀದಿಯಲ್ಲಿ ದೊಡ್ಡ ನಾಯಿ ಕಂಡು ಹೆದರಿ ಓಡಿಬಂದ ಹುಡುಗ “ಹಸುವಿನಷ್ಟು ದೊಡ್ಡ ನಾಯಿ ನೋಡಿದೆ” ಅಂದ. ಇನ್ನೊಬ್ಬ ಶಾಲೆಯಲ್ಲಿ ಬಾರದ ಮಾರ್ಕು ಬಂದಿದೆ ಅಂತ ಹೇಳಿ ಅಮ್ಮನಿಂದ ಬಹುಮಾನ ಹೊಡೆದ. ಪಿಯಾಜೆ ಕೇಳಿದ ಚಿಕ್ಕವರ ಪ್ರಕಾರ ನಾಯಿಯದೇ ಘೋರ ಸುಳ್ಳು, ಯಾಕೆಂದರೆ ಅಂಥ ನಾಯಿ ಇರುವುದೇ ಇಲ್ಲ. ಮಾರ್ಕು ಬರುವುದಾದರೂ ಉಂಟು.

ಸುಳ್ಳು ಹೇಳಲು ಬುದ್ಧಿ ಬೇಕು ಅನ್ನುವುದು ನನ್ನ ಹಳೆಯ ಅಭಿಪ್ರಾಯ. ಟೊರಾಂಟೊದ ಕಾಂಗ್ ಲೀ ಎಂಬ ವಿದ್ವಾಂಸರು ಈಗ ಅದಕ್ಕೆ ಪುರಾವೆ ಒದಗಿಸಿದ್ದಾರೆ. ಮಗುವಿನ ಬೆನ್ನ ಹಿಂದೆ ಒಂದು ಆಟಿಕೆ ಇಟ್ಟು, “ತಿರುಗಿ ನೋಡಬೇಡ, ಈಗ ಬಂದೆ” ಅಂತ ಹೊರಗೆ ಹೋಗುತ್ತಾರೆ. ಮಗು ತಿರುಗಿ ನೋಡುತ್ತದೆ, ನೋಡದಿದ್ದರೆ ಮಗುವೇ ಅಲ್ಲ. ವಾಪಸ್ ಬಂದು “ನೋಡಿದೆಯಾ?” ಅಂದರೆ ನಾಲ್ಕು ವರ್ಷ ದಾಟಿದವರಲ್ಲಿ ಬಹುಪಾಲು “ಇಲ್ಲ”. ನಾನು ನೋಡಿದ್ದು ನಿಮಗೆ ಗೊತ್ತಿಲ್ಲ ಅಂತ ಗೊತ್ತಿರುವುದು, ಅಂದರೆ ಇನ್ನೊಬ್ಬರ ತಲೆಯೊಳಗೆ ಇಣುಕುವುದು, ಸಣ್ಣ ಸಾಧನೆಯಲ್ಲ. ಆದರೆ ಸುಳ್ಳನ್ನು ಹೇಳುವುದು ಬೇರೆ, ಸಾಕುವುದು ಬೇರೆ. ಐದು ವರ್ಷದ ಒಬ್ಬ ಹುಡುಗಿ ತಾನು ನೋಡಲಿಲ್ಲ, ಮುಟ್ಟಿದೆ ಅಷ್ಟೇ, ಮುಟ್ಟಿದಾಗ ನೇರಳೆ ಬಣ್ಣ ಅನ್ನಿಸಿತು, ಆದ್ದರಿಂದ ಅದು ಬಾರ್ನಿ ಗೊಂಬೆಯೇ ಇರಬೇಕು ಅಂದಳಂತೆ. ಕೈಗೆ ಬಣ್ಣ ತಿಳಿಯುವ ಈ ಹುಡುಗಿಗೆ ರಾಜಕೀಯದಲ್ಲಿ ಒಳ್ಳೆಯ ಭವಿಷ್ಯ ಇತ್ತು.

ಹಾಗಾದರೆ ನೀತಿಕಥೆ ಹೇಳೋಣ ಅನ್ನುತ್ತೀರಿ. ಅದನ್ನೂ ಅವರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. 3ರಿಂದ 7 ವರ್ಷದ ಮಕ್ಕಳಿಗೆ ಆಟಿಕೆಯ ಪ್ರಶ್ನೆ ಕೇಳುವ ಮುಂಚೆ ಒಂದೊಂದು ಕಥೆ ಓದಿದರು. “ತೋಳ ಬಂತು ತೋಳ” ಕೇಳಿದವರು ಎಂದಿನಂತೆ ಸುಳ್ಳು ಹೇಳಿದರು. ಮೂಗು ಬೆಳೆಯುವ ಪಿನೋಕಿಯೊ ಕೇಳಿದವರೂ ಅಷ್ಟೇ. ಹೆಚ್ಚು ಮಂದಿ ನಿಜ ಒಪ್ಪಿಕೊಂಡದ್ದು ಜಾರ್ಜ್ ವಾಷಿಂಗ್ಟನ್ ಚೆರ್ರಿ ಗಿಡ ಕಡಿದು, ಅಪ್ಪನ ಎದುರು ಒಪ್ಪಿಕೊಂಡು, ಶಭಾಷ್ ಅನ್ನಿಸಿಕೊಂಡ ಕಥೆ ಕೇಳಿದವರು. ಆ ಕಥೆಯೇ ಕಟ್ಟುಕಥೆ ಅನ್ನುವುದು ಬೇರೆ ಮಾತು. ಸತ್ಯ ಹೇಳಿಸಲು ಸುಳ್ಳು ಕಥೆಯೇ ಬೇಕಾಯಿತು. ಕೊನೆಯನ್ನು ತಿರುಚಿ, ಜಾರ್ಜ್ ಸುಳ್ಳು ಹೇಳಿ ಶಿಕ್ಷೆ ಅನುಭವಿಸಿದ ಅಂತ ಮಾಡಿದರೆ ಮತ್ತೆ ಪರಿಣಾಮ ಸೊನ್ನೆ. ಅಂದರೆ ತೋಳವನ್ನು ತೋರಿಸಿ ಹೆದರಿಸುವುದಕ್ಕಿಂತ, ನಿಜ ಹೇಳಿದರೆ ಬೆನ್ನು ತಟ್ಟುತ್ತಾರೆ ಅನ್ನುವ ಭರವಸೆ ಹೆಚ್ಚು ಕೆಲಸ ಮಾಡುತ್ತದೆ. ನಮ್ಮ ಪುಣ್ಯಕೋಟಿಯೂ ಮಾತಿಗೆ ತಪ್ಪದೆ ಹೋಗಿ ಬದುಕಿ ಬಂದವಳೇ. ಆದರೆ ಆ ಕಥೆ ಕೇಳಿದ ನಮ್ಮ ಪುಟ್ಟಿ ಅತ್ತದ್ದು ಹಸುವಿಗಲ್ಲ, ಹುಲಿಗೆ. “ಪಾಪ, ಅದಕ್ಕೆ ಹಸಿವಾಗಿತ್ತು.” ಹುಲಿಗೆ ಬೇರೆ ಏನಾದರೂ ಕೊಡಬಹುದಿತ್ತಂತೆ, ಅನ್ನ ಮೊಸರು.

ನಾವೋ, ನಿಜ ಹೇಳು ಅನ್ನುವವರೂ ನಾವೇ, ಅತ್ತೆ ತಂದ ಉಡುಗೊರೆ ಬಿಚ್ಚಿ “ಇದು ಬೇಡ” ಅಂದ ಮಗುವಿಗೆ ಕಣ್ಣು ಬಿಡುವವರೂ ನಾವೇ. ಕೆನಡಾದಲ್ಲಿ ಮಕ್ಕಳಿಗೆ ಸೋಪಿನ ಬಿಲ್ಲೆಯನ್ನು ಉಡುಗೊರೆ ಕೊಟ್ಟು ಇಷ್ಟವಾಯಿತಾ ಅಂತ ಕೇಳಿದರಂತೆ. ಬಹಳ ಮಕ್ಕಳು “ಹೂಂ, ಇಷ್ಟವಾಯ್ತು” ಅಂದವು. ಮೈಸೂರಿನಲ್ಲಿ ಸ್ಯಾಂಡಲ್ ಸೋಪು ಕೊಟ್ಟು ಕೇಳಿದರೆ ಅದು ಸುಳ್ಳೋ ಊರಿನ ಅಭಿಮಾನವೋ ಪತ್ತೆ ಹಚ್ಚುವುದು ಕಷ್ಟ.

ತಪ್ಪು ಮಾಡಿದರೆ ಪ್ರಪಂಚವೇ ಶಿಕ್ಷೆ ಕೊಡುತ್ತದೆ ಅನ್ನುವ ನಂಬಿಕೆಯನ್ನೂ ಪಿಯಾಜೆ ಮಕ್ಕಳಲ್ಲಿ ಕಂಡರು. ತೋಟದಲ್ಲಿ ಸೇಬು ಕದ್ದು ಓಡುತ್ತಿದ್ದ ಹುಡುಗ ಶಿಥಿಲ ಸೇತುವೆ ಮುರಿದು ನೀರಿಗೆ ಬಿದ್ದ. ಕದಿಯದೆ ಇದ್ದಿದ್ದರೆ ಬೀಳುತ್ತಿದ್ದನೇ? ಆರು ವರ್ಷದವರಲ್ಲಿ ಹೆಚ್ಚಿನವರು “ಇಲ್ಲ” ಅಂದರು. ಕಳ್ಳನ ಕಾಲು ಯಾವುದು, ಒಳ್ಳೆಯವನ ಕಾಲು ಯಾವುದು ಅಂತ ಸೇತುವೆಗೆ ಗೊತ್ತಿರುತ್ತದೆ! ದೊಡ್ಡವರಾದಂತೆ ಇದು ಕಡಿಮೆಯಾಗುತ್ತದೆ ಎಂದು ಪಿಯಾಜೆ ಬರೆದಿದ್ದಾರೆ. ಅವರಿಗೆ ನಮ್ಮ ಬಂಧುಬಳಗದ ಪರಿಚಯ ಇರಲಿಲ್ಲ. ಗೃಹಪ್ರವೇಶಕ್ಕೆ ಕರೆಯದ ದಾಯಾದಿಯ ಮನೆಯ ಬೋರ್‌ವೆಲ್ಲಿನಲ್ಲಿ ನೀರು ಬೀಳದಿದ್ದರೆ, ಅದು ಅಂತರ್ಜಲದ ಸಮಸ್ಯೆ ಅನ್ನುವವರು ನಮ್ಮಲ್ಲಿ ಎಷ್ಟು ಜನ? “ಸ್ವಾಮಿ ಕಣ್ಣು ಕುಕ್ಕುತ್ತೆ” ಅಂತ ಮಗುವಿಗೆ ಹೇಳುವವರು ಮಗುವನ್ನು ಹೆದರಿಸಲು ಹೇಳುತ್ತಾರೆಯೇ, ಅವರೇ ನಂಬಿದ್ದಾರೆಯೇ ಅನ್ನುವುದು ಸಂಶೋಧನೆಗೆ ಯೋಗ್ಯ.

ಪಿಯಾಜೆಯ ಮೇಲೆ ಮಹಡಿ ಕಟ್ಟಿದವರು ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್. 1958ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಪಿಎಚ್‌ಡಿಗಾಗಿ 10ರಿಂದ 16 ವರ್ಷದ ಹುಡುಗರಿಗೆ ಧರ್ಮಸಂಕಟದ ಕಥೆಗಳನ್ನು ಹೇಳಿ ಆರು ಮೆಟ್ಟಿಲಿನ ಏಣಿ ಇಟ್ಟರು. ಹೆಂಡತಿ ಸಾಯುತ್ತಿದ್ದಾಳೆ, ಔಷಧಿಯವನು 200 ಡಾಲರಿನ ಮಾಲಿಗೆ 2,000 ಕೇಳುತ್ತಿದ್ದಾನೆ, ಹೈನ್ಸ್ ಎಂಬ ಗಂಡನ ಕೈಯಲ್ಲಿ ಇರುವುದು 1,000. ಕದಿಯಬಹುದೇ? ಹೌದು, ಇಲ್ಲ ಮುಖ್ಯವಲ್ಲ, ಯಾಕೆ ಅನ್ನುವುದೇ ಮುಖ್ಯ. ಜೈಲಿಗೆ ಹಾಕುತ್ತಾರೆ ಅನ್ನುವವನು ಮೊದಲ ಮೆಟ್ಟಿಲಿನಲ್ಲಿ. ನಾಲ್ಕು ಜನ ಏನಂತಾರೆ ಅನ್ನುವವನು ನಡುವಿನಲ್ಲಿ. ಜೀವ ದೊಡ್ಡದು, ಆಸ್ತಿ ಅಲ್ಲ ಅಂತ ತತ್ತ್ವ ಹಿಡಿಯುವವನು ಮೇಲೆ. ಏಣಿ ಹತ್ತುವುದನ್ನು ಅವರು ಬರೆದರು, ಇಳಿಯುವುದನ್ನು ನೋಡಬೇಕಾದರೆ ನಮ್ಮ ಸರ್ಕಲ್ಲಿಗೆ ಬರಬೇಕು. ಮೊಣಕೈಗೆ ಹೆಲ್ಮೆಟ್ ಏರಿಸಿಕೊಂಡು ಬರುವ ಪದವೀಧರ, ದೂರದಲ್ಲಿ ಬಿಳಿ ಟೋಪಿ ಕಂಡೊಡನೆ ಅದನ್ನು ತಲೆಗೆ ವರ್ಗಾಯಿಸುತ್ತಾನೆ. ಹಿಂದೆ ಕೂತ ಮಗ ಎಲ್ಲವನ್ನೂ ನೋಡುತ್ತಿರುತ್ತಾನೆ.

ಹುಡುಗರನ್ನೇ ಕೇಳಿ ಏಣಿ ಮಾಡಿದಿರಲ್ಲ, ಹುಡುಗಿಯರು ಎಲ್ಲಿ ಅಂತ ಕ್ಯಾರಲ್ ಗಿಲ್ಲಿಗನ್ 1982ರ ತಮ್ಮ ಪುಸ್ತಕದಲ್ಲಿ ಕೇಳಿದರು. ಅದರಲ್ಲಿ ಹನ್ನೊಂದು ವರ್ಷದ ಏಮಿ ಅನ್ನುವ ಹುಡುಗಿ ಬರುತ್ತಾಳೆ. ಕದಿಯುವುದೂ ಬೇಡ, ಸಾಯುವುದೂ ಬೇಡ. ಅವನು ಜೈಲಿಗೆ ಹೋದರೆ ಹೆಂಡತಿಯನ್ನು ನೋಡಿಕೊಳ್ಳುವವರು ಯಾರು? ಸಾಲ ಮಾಡಲಿ, ಕೂತು ಮಾತಾಡಲಿ ಅನ್ನುತ್ತಾಳೆ. ಕೋಲ್‌ಬರ್ಗ್ ಏಣಿಯಲ್ಲಿ ಅವಳಿಗೆ ಮಾರ್ಕು ಕಡಿಮೆ. ನಮ್ಮ ಸ್ವಸಹಾಯ ಸಂಘದಲ್ಲಾದರೆ ಅವಳೇ ಅಧ್ಯಕ್ಷೆ.

ಮಕ್ಕಳನ್ನು ಹೀಗೆ ಮೆಟ್ಟಿಲಲ್ಲಿ ನಿಲ್ಲಿಸಿದ್ದು ಸ್ವಲ್ಪ ಅನ್ಯಾಯ ಅಂತ ಆಮೇಲೆ ಎಲಿಯಟ್ ಟುರಿಯಲ್ ಮುಂತಾದವರು ತೋರಿಸಿದರು. ಮೂರು ನಾಲ್ಕು ವರ್ಷದ ಮಗುವಿಗೇ ಹೊಡೆಯುವುದು ಬೇರೆ, ಸಮವಸ್ತ್ರ ಹಾಕದಿರುವುದು ಬೇರೆ ಅಂತ ಗೊತ್ತು. ಟೀಚರ್ “ಪರವಾಗಿಲ್ಲ” ಅಂದರೆ ಬಣ್ಣದ ಅಂಗಿ ಹಾಕಬಹುದು. ಟೀಚರ್ “ಪರವಾಗಿಲ್ಲ” ಅಂದರೂ ಹೊಡೆಯುವುದು ತಪ್ಪೇ. ಇದು ಎಲ್ಲ ದೇಶಕ್ಕೂ ಅನ್ವಯವೇ ಅಂತ ರಿಚರ್ಡ್ ಶ್ವೆಡರ್ ಮತ್ತು ಸಂಗಡಿಗರು ಭುವನೇಶ್ವರಕ್ಕೇ ಬಂದು ಕೇಳಿದರು. 1987ರಲ್ಲಿ ಬಂದ ಅವರ ವರದಿಯಲ್ಲಿ 39 ಪ್ರಸಂಗಗಳಿವೆ. ಅಪ್ಪ ತೀರಿಕೊಂಡ ಮರುದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ ಅನ್ನುವುದು ಅಲ್ಲಿನ ಬ್ರಾಹ್ಮಣ ಮಕ್ಕಳಿಗೆ ಪಟ್ಟಿಯ ತುದಿಯಲ್ಲಿ ನಿಲ್ಲುವ ಪಾತಕ. ಷಿಕಾಗೊ ಮಕ್ಕಳಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಕೂದಲು ಅವನದು, ಹಸಿವು ಅವನದು.

ಟುರಿಯಲ್ ಸರಿಯೋ ಶ್ವೆಡರ್ ಸರಿಯೋ ಅಂತ ದೊಡ್ಡವರು ಇನ್ನೂ ಗುದ್ದಾಡುತ್ತಿದ್ದಾರೆ. ಮಡಿ, ಮೈಲಿಗೆ, ಎಂಜಲು ಇವೆಲ್ಲ ಧರ್ಮವೋ ಬರೀ ರೂಢಿಯೋ? ಈ ಪ್ರಶ್ನೆಯನ್ನು ಕನ್ನಡದ ಮಕ್ಕಳು ಎಂದೋ ಬಗೆಹರಿಸಿದ್ದಾರೆ. ಪೆಪ್ಪರ್‌ಮೆಂಟು ಒಂದೇ, ಬಾಯಿ ಎರಡು. ಕಚ್ಚಿ ಕೊಟ್ಟರೆ ಎಂಜಲು, ಕೊಡದಿದ್ದರೆ ದ್ರೋಹ. ಅಂಗಿಯ ಚುಂಗಿನೊಳಗೆ ಸುತ್ತಿ ಹಲ್ಲಿನಲ್ಲಿ ಕಟಕ್ಕನೆ ಮುರಿದರೆ ಅದು ಕಾಗೆ ಎಂಜಲು, ಎಲ್ಲ ಶಾಸ್ತ್ರಕ್ಕೂ ಸಮ್ಮತ. ಅಂಗಿ ಎರಡು ದಿನದ ಕೊಳೆಯದು ಅನ್ನುವ ಆಕ್ಷೇಪಣೆಗೆ ಅಲ್ಲಿ ಅವಕಾಶವಿಲ್ಲ. ಆಚಾರವೂ ಉಳಿಯಿತು, ಸಮಪಾಲೂ ಆಯಿತು, ಗೆಳೆತನವೂ ಕೆಡಲಿಲ್ಲ. ಯಾವ ಜಗದ್ಗುರುಗಳ ಅಪ್ಪಣೆಯನ್ನೂ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಹೇಳಿ ನಮ್ಮೂರಿನ ವಿಷಯ ಹೇಳದಿದ್ದರೆ ಮೈಸೂರಿನವರು ಸುಮ್ಮನಿರುವುದಿಲ್ಲ. ಜೋನ್ ಮಿಲ್ಲರ್, ಡೇವಿಡ್ ಬೆರ್ಸಾಫ್ ಎಂಬ ಇಬ್ಬರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಡೆ ಅಮೆರಿಕದ ನ್ಯೂ ಹೇವನ್ ಪಟ್ಟಣದ ಮಕ್ಕಳು, ದೊಡ್ಡವರು. ಇನ್ನೊಂದು ಕಡೆ ನಮ್ಮ ಮೈಸೂರಿನವರು. ಅವರು ಕೇಳಿದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬ ತನ್ನ ಜೀವದ ಗೆಳೆಯನ ಮದುವೆಗೆ ಉಂಗುರ ತೆಗೆದುಕೊಂಡು ಹೊರಟಿದ್ದಾನೆ. ರೈಲ್ವೆ ಸ್ಟೇಷನ್ನಿನಲ್ಲಿ ಪರ್ಸು ಕಳುವಾಯಿತು. ದುಡ್ಡೂ ಹೋಯಿತು, ಟಿಕೆಟ್ಟೂ ಹೋಯಿತು. ಇದೊಂದೇ ರೈಲು, ತಪ್ಪಿದರೆ ಮುಹೂರ್ತ ತಪ್ಪಿತು. ಸಾಲ ಕೇಳಿದರೆ ಯಾರೂ ಕೊಡಲಿಲ್ಲ. ಪಕ್ಕದಲ್ಲಿದ್ದ ಶ್ರೀಮಂತ ಕೋಟು ಬಿಟ್ಟು ಎದ್ದುಹೋಗಿದ್ದಾನೆ, ಜೇಬಿನಿಂದ ಅದೇ ಊರಿನ ಟಿಕೆಟ್ಟು ಇಣುಕುತ್ತಿದೆ. ತೆಗೆದುಕೊಳ್ಳಬಹುದೇ? ನ್ಯೂ ಹೇವನ್ನಿನ ಹೆಚ್ಚಿನವರು ಕಳವು ಕಳವೇ ಅಂದರು. ಮೈಸೂರಿನ ಹೆಚ್ಚಿನವರು ಟಿಕೆಟ್ ತಗೊಂಡು ರೈಲು ಹತ್ತಿ, ಗೆಳೆಯನಿಗೆ ಕೊಟ್ಟ ಮಾತು ದೊಡ್ಡದು ಅಂದರು. ಇದರಿಂದ ಮೈಸೂರಿನವರ ಪಕ್ಕದಲ್ಲಿ ಕೋಟು ಬಿಟ್ಟು ಏಳಬಾರದು ಅನ್ನುವ ತೀರ್ಮಾನಕ್ಕೆ ಬೆಂಗಳೂರಿನವರು ಬರುವುದು ಬೇಡ. ಸ್ನೇಹಿತನಿಗೆ ಆಗಿಬರುವುದು ಅಲ್ಲಿ ಇಷ್ಟವಿದ್ದರೆ ಮಾಡುವ ಉಪಕಾರ, ಇಲ್ಲಿ ತಪ್ಪಿಸಿಕೊಳ್ಳಲಾಗದ ಕರ್ತವ್ಯ ಅನ್ನುವುದು ಅಧ್ಯಯನದ ಸಾರ.

ಒಂದು ರಾತ್ರಿ ಕೈತುತ್ತಿನ ಹೊತ್ತಿಗೆ ಈ ಕಥೆಯನ್ನೇ ಬಿಟ್ಟೆ. ಮೊದಲು ಎಂಟರವನು ಎದ್ದ. “ತಗೋಬಾರ್ದು. ಪೊಲೀಸ್ ಹಿಡೀತಾರೆ.” ಪಕ್ಕದ ಮನೆಯ ಪುಣ್ಯಾತ್ಮ, ಊಟಕ್ಕೆ ಅವನೂ ಇದ್ದ ಎಂದು ಬೇರೆ ಹೇಳಬೇಕಾಗಿಲ್ಲ, “ತಗೊಂಡು, ಕೋಟಿನ ಜೇಬಲ್ಲಿ ಒಂದು ಚೀಟಿ ಇಟ್ಟು, ಫೋನ್ ನಂಬರ್ ಬರೆದು ಹೋಗ್ಬೇಕು, ಆಮೇಲೆ ಗೂಗಲ್ ಪೇ ಮಾಡೋದು” ಅಂದ. ಹನ್ನೆರಡರವಳಿಗೆ ಸಿಟ್ಟು ಬಂದದ್ದು ಊರಿನವರ ಮೇಲೆ. “ಅಷ್ಟು ಜನ ಇದ್ರೂ ಒಬ್ರೂ ದುಡ್ಡು ಕೊಡ್ಲಿಲ್ವಾ? ಅದೆಂಥ ಸ್ಟೇಷನ್ನು? ಟಿಟಿ ಹತ್ರ ಹೋಗಿ ಉಂಗುರ ತೋರ್ಸಿ, ಸಾರ್ ನೀವೂ ಮದ್ವೆಗೆ ಬನ್ನಿ ಅಂತ ಕರೀಬೇಕಿತ್ತು. ಬಿಟ್ಟೇ ಬಿಡ್ತಿದ್ರು.” ಆಮೇಲೆ ಸ್ವಲ್ಪ ಹೊತ್ತು ತುತ್ತು ಅಗಿದು, “ಅಲ್ಲಾ ದೊಡ್ಡಮ್ಮ, ಮೊದಲು ಇವನ ಪರ್ಸ್ ಕದ್ದನಲ್ಲ, ಅವನ ವಿಷಯ ಯಾಕೆ ಯಾರೂ ಕೇಳ್ತಿಲ್ಲ?” ಅಂದಳು.

ವಿದ್ವಾಂಸರು ನಿಜಕ್ಕೂ ಕೇಳಿರಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಲೆಕ್ಕಕ್ಕಿಲ್ಲದ ಪುಟ್ಟಿ ಬಾಯಲ್ಲಿ ತುತ್ತು ಇಟ್ಟುಕೊಂಡೇ ಹೇಳಿದಳು:

“ಅವನಿಗೂ ಯಾರ್ದೋ ಮದ್ವೆ ಇತ್ತೇನೋ.”